ಗೆದ್ದಲು ತಿಂದ ಪುಟಗಳು

ಪ್ರತಿ ವರುಷವೂ ಜೂನ್ ತಿಂಗಳ ಸೇರ್ಪಡೆಯ ಗದ್ದಲವು ಅಡಗಿದ ಮೇಲೆ ನಮ್ಮ ಶಾಲೆಯ ಕಚೇರಿಗೆ ಬೇರೊಂದು ತರದ ಬಿನ್ನಹಗಳು ಬರತೊಡಗುತ್ತವೆ. ಅವು ಮಕ್ಕಳನ್ನು ಸೇರಿಸುವವರವಲ್ಲ, ತೀರಿಹೋದವರನ್ನು ಹುಡುಕುವವರವು. “ನಮ್ಮ ಅಜ್ಜಿಯು ನಿಮ್ಮ ಬೋರ್ಡಿಂಗಿನಲ್ಲಿ ಕಲಿತವಳಂತೆ, ಆಕೆಯ ತಂದೆಯ ಹೆಸರು ಸಿಕ್ಕೀತೇ?” ಎಂದು ಒಬ್ಬರು ಕೇಳುತ್ತಾರೆ. “ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಆ ವರುಷದ ಹಾಳೆಗಳೇ ಇಲ್ಲ, ನಿಮ್ಮಲ್ಲಿ ಏನಾದರೂ ಉಳಿದಿದೆಯೇ?” ಎಂದು ಇನ್ನೊಬ್ಬರು ಬರೆಯುತ್ತಾರೆ. ಕೆಲವರು ನೆರೆಯ ಓಣಿಯಿಂದ ಬಂದವರು, ಕೆಲವರು ಕಡಲಾಚೆಯಿಂದ ಬರೆದವರು. ಈ ಸ್ಮರಣ ಸಂಚಿಕೆಗೆ ನಾವು ಏನನ್ನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ಆ ಬಿನ್ನಹಗಳ ಕಟ್ಟೇ ನಮ್ಮ ಕಣ್ಣ ಮುಂದೆ ಬಂದಿತು. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕೊಟ್ಟ ಉತ್ತರವನ್ನು ಇಲ್ಲಿ ಎಲ್ಲರಿಗೂ ಒಟ್ಟಾಗಿ ಕೊಡುವುದು ಉಚಿತವೆಂದು ಎಣಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಪುಟವು ನಷ್ಟವಾದ ಮಾತ್ರಕ್ಕೆ ಮನುಷ್ಯರು ನಷ್ಟವಾಗುವುದಿಲ್ಲ. ಅವರನ್ನು ಬೇರೆ ದಾರಿಗಳಿಂದ ಹುಡುಕಬಹುದು, ಹುಡುಕಲೂ ಬೇಕು. ಆದರೆ ಹುಡುಕಿಯೂ ಸಿಕ್ಕದ ಸ್ಥಳವನ್ನು ಬರಿದಾಗಿಯೇ ಬಿಡತಕ್ಕದ್ದು, ಕಟ್ಟುಕತೆಯಿಂದ ತುಂಬತಕ್ಕದ್ದಲ್ಲ. ಈ ಮಾತು ನಮಗೆ ಹೊಳೆದದ್ದು ಪುಸ್ತಕದಿಂದಲ್ಲ. ನಮ್ಮದೇ ಕಚೇರಿಯಲ್ಲಿ ನಡೆದ ಒಂದು ಸಂಗತಿಯಿಂದ.

ಎರಡು ವರುಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಡನೆ ಬಂದಳು. ಅವರ ಮನೆತನದವರೆಲ್ಲರೂ ಒಂದೆಡೆ ಕೂಡುವ ಸಮಾರಂಭವು ಹತ್ತಿರವಾಗಿತ್ತು; ಅದಕ್ಕಾಗಿ ಅಚ್ಚುಹಾಕಿಸಲಿದ್ದ ವಂಶಚರಿತ್ರೆಯ ಕರಡನ್ನು ಕೈಯಲ್ಲಿ ಹಿಡಿದಿದ್ದಳು. ಅದರ ಮೊದಲನೆಯ ಪುಟದಲ್ಲಿ, ಆಕೆಯ ಮುತ್ತಜ್ಜಿಯ ತಾಯಿಯು ಧಾರವಾಡ ಸೀಮೆಯ ಒಂದು ದೇಸಾಯಿ ವಾಡೆಯಲ್ಲಿ ಹುಟ್ಟಿದವಳೆಂದೂ, ಒಡವೆ ವಸ್ತುಗಳನ್ನೆಲ್ಲ ತೊರೆದು ಸಭೆಯನ್ನು ಸೇರಿದವಳೆಂದೂ ಬರೆದಿತ್ತು. ಸಭೆಯ ಪುಸ್ತಕದಲ್ಲಿ 1880ಕ್ಕೆ ಮುಂಚಿನ ಹಾಳೆಗಳನ್ನು ಗೆದ್ದಲು ತಿಂದಿದ್ದುದರಿಂದ ಈ ಮಾತಿಗೆ ಆಧಾರವೂ ಇರಲಿಲ್ಲ, ಬಾಧಕವೂ ಇರಲಿಲ್ಲ. ಶಾಲೆಯಿಂದ ಒಂದು ದೃಢಪತ್ರವು ದೊರೆತರೆ ಸಾಕೆಂದು ಅವರು ಕೇಳಿದರು.

ನಾವು ಬಾಲಿಕಾಶ್ರಮದ ಹಳೆಯ ಪ್ರವೇಶ ಪುಸ್ತಕವನ್ನು ತೆಗೆದು ನೋಡಿದೆವು. 1877ನೇ ಇಸವಿಯ ಒಂದು ಸಾಲಿನಲ್ಲಿ ಆ ಹೆಸರು ಇತ್ತು. ವಯಸ್ಸು: ಸುಮಾರು ಐದು. ತಂದೆ: ತಿಳಿಯದು. ತಾಯಿ: ತಿಳಿಯದು. ಊರು: ತಿಳಿಯದು. ಷರಾ ಬರೆಯುವ ಅಂಕಣದಲ್ಲಿ ಒಂದೇ ಒಂದು ಶಬ್ದವಿತ್ತು: ಕ್ಷಾಮ.

1876ರಿಂದ 1878ರ ವರೆಗಿನ ಆ ಮಹಾ ಕ್ಷಾಮವು ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಎಷ್ಟು ಮನೆಗಳ ದೀಪವನ್ನು ಆರಿಸಿತೆಂಬುದನ್ನು ಚರಿತ್ರೆ ಓದಿದವರೆಲ್ಲರೂ ಬಲ್ಲರು. ಹೆತ್ತವರನ್ನು ಕಳೆದುಕೊಂಡ ಮಕ್ಕಳು ಮಿಶನುಗಳ ಅನಾಥಾಲಯಗಳಿಗೆ ಸೇರಿದ್ದುಂಟು. ಈ ಮಗುವೂ ಅಂಥವರಲ್ಲಿ ಒಂದು. ಹುಡುಗಿಯ ತಾಯಿಯು ಆ ಸಾಲನ್ನು ಎರಡು ಸಾರಿ ಓದಿ, ಪುಸ್ತಕವನ್ನು ನಮ್ಮ ಕಡೆಗೆ ಸರಿಸಿ, “ಅಕ್ಕೋರೆ, ಇಕಿ ನಮ್ಮಾಕಿ ಅಲ್ಲ ಬಿಡ್ರಿ, ಬ್ಯಾರೆ ಯಾರೋ ಇರಬೇಕು” ಎಂದರು. ಆ ಮಾತಿನಲ್ಲಿದ್ದ ನೋವನ್ನು ಕಂಡು ನಾವು ಏನನ್ನೂ ಹೇಳದೆ ಪುಸ್ತಕವನ್ನು ಮುಚ್ಚಿದೆವು. ದೃಢಪತ್ರವನ್ನು ಮಾತ್ರ ಕೊಡಲಿಲ್ಲ.

ಈ ಕಥೆಯ ಉಳಿದ ಭಾಗವನ್ನು ಕೊನೆಗೆ ಹೇಳುವೆವು. ಅದಕ್ಕೆ ಮುಂಚೆ, ಇಂಥ ಪುಸ್ತಕಗಳು ಯಾಕೆ ಹುಟ್ಟಿದವು, ಹೇಗೆ ಹಾಳಾಗುತ್ತವೆ, ಹಾಳಾದಲ್ಲಿ ಜನರು ಏನು ಮಾಡಿದ್ದಾರೆ ಎಂಬುದನ್ನು ತಿಳಿಯುವುದು ಅವಶ್ಯ.

ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ಊರೂರ ಸಭೆಗಳಲ್ಲಿ ಬರೆದಿಡಬೇಕೆಂಬ ಅಪ್ಪಣೆಯು ಇಂಗ್ಲೆಂಡಿನಲ್ಲಿ 1538ರಲ್ಲಿ ಹೊರಟಿತು. ರೋಮನ್ ಕಥೋಲಿಕ ಸಭೆಯಲ್ಲಿ ಟ್ರೆಂಟ್ ನಗರದ ಮಹಾಸಭೆಯು 1563ರಲ್ಲಿ ವಿವಾಹದ ಪುಸ್ತಕವನ್ನು ಕಡ್ಡಾಯ ಮಾಡಿತು. ಒಂದೇ ಪ್ರತಿಯಿದ್ದರೆ ಅದು ಬೆಂಕಿಗೋ ನೀರಿಗೋ ಈಡಾಗುವುದೆಂಬ ತಿಳಿವಳಿಕೆಯೂ ಬೇಗನೆ ಬಂದಿತು. 1598ರ ಸುಮಾರಿಗೆ ಇಂಗ್ಲೆಂಡಿನ ಪ್ರತಿಯೊಂದು ಸಭೆಯೂ ತನ್ನ ಪುಸ್ತಕದ ಒಂದು ನಕಲನ್ನು ವರುಷ ವರುಷವೂ ಬಿಷಪರಿಗೆ ಕಳುಹಿಸಬೇಕೆಂದು ಗೊತ್ತುಮಾಡಿದರು. ಮೂಲ ಪುಸ್ತಕಗಳು ಇಲಿಗಳ ಪಾಲಾದ ಊರುಗಳಲ್ಲಿ ಇಂದಿಗೂ ಆ ನಕಲುಗಳೇ ಜನರಿಗೆ ಆಸರೆಯಾಗಿರುತ್ತವೆ. ಹೀಗಿರಲು, ಮೊದಲನೆಯ ಪಾಠವು ಇದು: ಮೂಲವು ಹೋಯಿತೆಂದು ಕೇಳಿದ ಕೂಡಲೆ ಕೈಚೆಲ್ಲದೆ, ಅದರ ನಕಲು ಎಲ್ಲಿಗಾದರೂ ಹೋಗಿತ್ತೇ ಎಂದು ವಿಚಾರಿಸತಕ್ಕದ್ದು.

ಇಡೀ ಒಂದು ದೇಶದ ದಾಖಲೆಗಳು ಒಂದೇ ದಿನದಲ್ಲಿ ಹೋದದ್ದೂ ಉಂಟು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ‘ಫೋರ್ ಕೋರ್ಟ್ಸ್’ ಎಂಬ ನ್ಯಾಯಸ್ಥಾನದ ಆವರಣದಲ್ಲಿ ಸರಕಾರದ ದಾಖಲೆಗಳ ಭಂಡಾರವಿತ್ತು. 1922ನೇ ಇಸವಿ ಜೂನ್ 30ರಂದು, ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಅದು ಸಿಡಿದು ಸುಟ್ಟುಹೋಯಿತು. ಅಲ್ಲಿಯ ಆಂಗ್ಲಿಕನ್ ಸಭೆಯ ಅರ್ಧಕ್ಕಿಂತ ಹೆಚ್ಚು ಊರುಗಳ ಹಳೆಯ ಪುಸ್ತಕಗಳನ್ನು ‘ಭದ್ರವಾಗಿರಲಿ’ ಎಂದು ಅಲ್ಲಿಗೇ ತಂದು ಇರಿಸಿದ್ದರು. ಅವೆಲ್ಲವೂ ಹೆಚ್ಚುಕಡಿಮೆ ಬೂದಿಯಾದವು. 1821ರಿಂದ 1851ರ ವರೆಗಿನ ನಾಲ್ಕು ಜನಗಣತಿಗಳ ಹಾಳೆಗಳೂ ಅಲ್ಪಸ್ವಲ್ಪ ಉಳಿದು ಮಿಕ್ಕವು ನಾಶವಾದವು.

ಅಲ್ಲಿಯ ಜನರು ಏನು ಮಾಡಿದರು? ಅವರು ಬೇರೆ ಬಾಗಿಲುಗಳನ್ನು ತಟ್ಟಿದರು. ಪುಸ್ತಕವನ್ನು ಡಬ್ಲಿನ್ನಿಗೆ ಕಳುಹಿಸುವ ಮುನ್ನ ತಾವೇ ಕುಳಿತು ನಕಲು ಮಾಡಿಟ್ಟ ಸಭಾಪಾಲಕರು ಕೆಲವರಿದ್ದರು. ಆ ನಕಲುಗಳು ಹೊರಬಂದವು. ಭೂಮಿಯ ತೆರಿಗೆಗಾಗಿ 1847ರಿಂದ 1864ರ ವರೆಗೆ ನಡೆದ ಗ್ರಿಫಿತ್ ಎಂಬವರ ಮೌಲ್ಯಮಾಪನದ ಪುಸ್ತಕಗಳಲ್ಲಿ ಊರೂರಿನ ಒಕ್ಕಲುಗಳ ಹೆಸರುಗಳು ದೊರೆತವು. ಎಲ್ಲಕ್ಕಿಂತಲೂ ವಿಚಿತ್ರವಾದದ್ದು ಮುದುಕರ ಪಿಂಚಣಿಯ ಕಾಗದಗಳು. 1908ರ ಕಾಯಿದೆಯಂತೆ ಎಪ್ಪತ್ತು ವರುಷ ತುಂಬಿದ ಬಡವರಿಗೆ ಪಿಂಚಣಿಯು ಗೊತ್ತಾಯಿತು. ಆದರೆ ಅಲ್ಲಿ ಎಲ್ಲರ ಜನನವನ್ನೂ ಸರಕಾರವು ಬರೆದಿಡತೊಡಗಿದ್ದು 1864ರಿಂದ. ಆದಕಾರಣ ಆ ಮುದುಕರಿಗೆ ಜನನಪತ್ರವೆಂಬುದೇ ಇರಲಿಲ್ಲ. ಅವರ ವಯಸ್ಸನ್ನು ಗೊತ್ತುಮಾಡಲು ಅಧಿಕಾರಿಗಳು 1841 ಮತ್ತು 1851ರ ಜನಗಣತಿಯನ್ನು ತೆರೆದು, ಮುದುಕನು ಮಗುವಾಗಿದ್ದಾಗಿನ ಮನೆಯವರ ಹೆಸರುಗಳನ್ನು ಬರೆದುಕೊಂಡರು. ಗಣತಿಯು ಸುಟ್ಟಿತು, ಬರೆದುಕೊಂಡ ಚೀಟಿಗಳು ಉಳಿದವು. ಬಡ ಮುದುಕಿಯೊಬ್ಬಳು ವಾರಕ್ಕೆ ಕೆಲವು ಶಿಲಿಂಗುಗಳಿಗಾಗಿ ಹಾಕಿದ ಅರ್ಜಿಯು ಆಕೆಯ ಮರಿಮಕ್ಕಳಿಗೆ ವಂಶದ ಕೀಲಿಕೈಯಾಯಿತು. ಆ ಬೆಂಕಿಯ ನೂರು ವರುಷಗಳ ತರುವಾಯ, 2022ರಲ್ಲಿ, ಲೋಕದ ಬೇರೆಬೇರೆ ಭಂಡಾರಗಳಲ್ಲಿದ್ದ ನಕಲುಗಳನ್ನು ಒಟ್ಟುಗೂಡಿಸಿ, ಸುಟ್ಟುಹೋದ ಭಂಡಾರವನ್ನು ಗಣಕಯಂತ್ರದಲ್ಲಿ ಮರಳಿ ಕಟ್ಟಿ, ಎಲ್ಲರಿಗೂ ನೋಡಲು ತೆರೆದಿಟ್ಟರು.

ಐರ್ಲೆಂಡಿನಿಂದ ನಮ್ಮ ನಾಡಿಗೆ ಬರೋಣ. ನಮ್ಮಲ್ಲಿಯೂ ಪುಟಗಳು ಹೋದವು, ಒಂದೇ ಕಾರಣದಿಂದಲ್ಲ. ಕರಾವಳಿಯ ನಮ್ಮ ಕಥೋಲಿಕ ನೆರೆಯವರನ್ನು ಕೇಳಿದರೆ ಅವರು 1784ನೇ ಇಸವಿಯನ್ನು ಹೇಳುವರು. ಆ ವರುಷ ಟೀಪೂ ಸುಲ್ತಾನನ ಅಪ್ಪಣೆಯಿಂದ ಮಂಗಳೂರು ಸೀಮೆಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು; ಇಗರ್ಜಿಗಳು ನೆಲಸಮವಾದವು; 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಬದುಕಿದವರು ಹಿಂದಿರುಗಿದರು. ಆ ರಾಜಕಾರಣದ ತೀರ್ಪನ್ನು ಇಲ್ಲಿ ಹೇಳುವುದು ನಮ್ಮ ಕೆಲಸವಲ್ಲ. ಅದಕ್ಕೆ ಮುಂಚಿನ ಹೆಸರುಗಳನ್ನು ಹುಡುಕುವುದು ಅವರಲ್ಲಿ ಅನೇಕ ಮನೆತನಗಳಿಗೆ ಬಹು ಕಷ್ಟವಾಯಿತೆಂಬುದನ್ನು ಮಾತ್ರ ನೆನಪಿಡತಕ್ಕದ್ದು. ಹಾಗಿದ್ದರೂ ಮೈಕೇಲ್ ಲೋಬೊ ಅವರು ಉಳಿದ ಆಧಾರಗಳನ್ನು ಕೂಡಿಸಿ ಮಂಗಳೂರಿನ ಕಥೋಲಿಕ ಮನೆತನಗಳ ವಂಶಾವಳಿಗಳ ಒಂದು ದೊಡ್ಡ ಸಂಗ್ರಹವನ್ನೇ ಸಿದ್ಧಗೊಳಿಸಿದರು. ಪುಟ ಹೋಯಿತೆಂದು ಕೈಕಟ್ಟಿ ಕುಳಿತವರಿಗೆ ಇದೊಂದು ಒಳ್ಳೆಯ ಬುದ್ಧಿವಾದವು.

ಪ್ರೊಟೆಸ್ಟೆಂಟ್ ಸಭೆಗಳ ಕಥೆಯು ಅಷ್ಟು ಹಳೆಯದಲ್ಲ. ಬಾಸೆಲ್ ಮಿಶನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಬೆಟಗೇರಿಯಲ್ಲಿ 1841ರಲ್ಲಿಯೂ ಅವರ ಕೆಲಸವು ಆರಂಭವಾಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧವು ಹೊತ್ತಿದಾಗ ಜರ್ಮನ್ ಪಾದ್ರಿಗಳನ್ನು ಸರಕಾರವು ಬಂಧನದಲ್ಲಿಟ್ಟು ಬಳಿಕ ಅವರ ದೇಶಕ್ಕೆ ಕಳುಹಿಸಿತು. ಪುಸ್ತಕಗಳನ್ನು ಬರೆದು ಕಾಪಾಡುತ್ತಿದ್ದವರು ಹಠಾತ್ತಾಗಿ ಹೊರಟುಹೋದರೆ ಪುಸ್ತಕಗಳ ಗತಿ ಏನಾಗುವುದೆಂಬುದನ್ನು ಮನೆ ಬಿಟ್ಟು ಹೋದ ಯಾರನ್ನು ಕೇಳಿದರೂ ಹೇಳುವರು. ಯುದ್ಧವು ಉಳಿಸಿದ್ದನ್ನು ಸೋರುವ ಮಾಡು, ಗೆದ್ದಲು, ಬೆಳ್ಳಿಹುಳುಗಳು ಮುಗಿಸಿದವು. ಮಸಿಯೂ ಶತ್ರುವಾಯಿತು: ಅಳಲೆಕಾಯಿ, ಅನ್ನಭೇದಿಗಳಿಂದ ಮಾಡಿದ ಹಳೆಯ ಕಪ್ಪು ಮಸಿಯು ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗಿ, ತಾನು ಬರೆದ ಕಾಗದವನ್ನೇ ಸವೆಸಿ ತೂತುಮಾಡುತ್ತದೆ.

ಹಾಗಾದರೆ ನಮ್ಮವರು ತಟ್ಟಬೇಕಾದ ಬೇರೆ ಬಾಗಿಲುಗಳು ಯಾವುವು? ನಮ್ಮ ಅನುಭವಕ್ಕೆ ಬಂದವುಗಳನ್ನು ಹೇಳುವೆವು.

ಮೊದಲನೆಯದು ಮನೆಯೇ. ಹಳೆಯ ಸತ್ಯವೇದದ ಬರಿಯ ಹಾಳೆಗಳಲ್ಲಿ ಜನನ ಮರಣಗಳನ್ನು ಬರೆದಿಡುವ ರೂಢಿಯು ಅನೇಕ ಮನೆಗಳಲ್ಲಿತ್ತು. ಪೆಟ್ಟಿಗೆಯ ತಳದ ಮದುವೆಯ ಕರೆಯೋಲೆ, ಪರೀಕ್ಷೆಯ ಪ್ರಮಾಣಪತ್ರ, ಛಾಯಾಚಿತ್ರದ ಹಿಂಬದಿಯ ಬರಹ, ಇವನ್ನೆಲ್ಲ ನೋಡತಕ್ಕದ್ದು. ಎರಡನೆಯದು ಸಮಾಧಿಸ್ಥಳ, ಕಲ್ಲನ್ನು ಗೆದ್ದಲು ತಿನ್ನುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಓರೆಬಿಸಿಲು ಬಿದ್ದಾಗ ಸವೆದ ಅಕ್ಷರಗಳೂ ತೋರಿಬರುತ್ತವೆ. ಸುಣ್ಣವನ್ನೂ ತಂತಿಯ ಬ್ರಷ್ಷನ್ನೂ ಮುಟ್ಟಿಸಬಾರದು. ಮೂರನೆಯದು ಶಾಲೆಯ ಪ್ರವೇಶ ಪುಸ್ತಕ. ಹುಡುಗಿಯ ಹೆಸರು, ಪೋಷಕರ ಹೆಸರು, ಅವರ ಉದ್ಯೋಗ, ಊರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಮತ್ತು ಕಾರಣ, ಇಷ್ಟೆಲ್ಲವೂ ಒಂದೇ ಸಾಲಿನಲ್ಲಿ ಸಿಕ್ಕುವ ಪುಸ್ತಕವು ಬೇರೊಂದಿಲ್ಲ.

ನಾಲ್ಕನೆಯದು ಸರಕಾರದ ಬಾಗಿಲು. 1872ನೇ ಇಸವಿಯ ಕ್ರೈಸ್ತ ವಿವಾಹ ಕಾಯಿದೆಯಂತೆ ಭಾರತೀಯ ಕ್ರೈಸ್ತರ ವಿವಾಹಗಳ ವಿವರವನ್ನು ಪುಸ್ತಕದಲ್ಲಿ ಬರೆದು, ಅದರಿಂದ ಎತ್ತಿದ ಪ್ರತಿಯನ್ನು ರಿಜಿಸ್ಟ್ರಾರ್ ಜನರಲ್ ಅವರ ಕಚೇರಿಗೆ ಒಪ್ಪಿಸತಕ್ಕದ್ದೆಂಬ ನಿಯಮವಿದೆ. ಹುಡುಕುವವರು ಅಂದಿನ ಆಡಳಿತದ ಎಲ್ಲೆಗಳನ್ನು ಮರೆಯಬಾರದು. 1956ರ ವರೆಗೂ ದಕ್ಷಿಣ ಕನ್ನಡವು ಮದರಾಸಿಗೂ ಧಾರವಾಡವು ಮುಂಬಯಿಗೂ ಸೇರಿದ್ದುದರಿಂದ, ಹಳೆಯ ಕಾಗದಗಳನ್ನು ಬೆಂಗಳೂರಿನಲ್ಲಿ ಮಾತ್ರ ಹುಡುಕಿ ನಿರಾಶರಾಗುವುದು ಸರಿಯಲ್ಲ. ಕ್ರಯಪತ್ರ, ಅಡವುಪತ್ರ, ಕರಾವಳಿಯವರಿಗೆ ಮೂಲಗೇಣಿಯ ಪತ್ರ, ಇವುಗಳಲ್ಲಿ ‘ಇಂಥವನ ಮಗ, ಇಂಥವಳ ಹೆಂಡತಿ’ ಎಂಬ ಮಾತುಗಳು ತಪ್ಪದೆ ಬರುತ್ತವೆ.

ಐದನೆಯದು ದೂರದ ಬಾಗಿಲು. ಬಾಸೆಲ್ ಮಿಶನಿನ ಪಾದ್ರಿಗಳು ತಮ್ಮ ಕೆಲಸದ ವರದಿಗಳನ್ನೂ ಪತ್ರಗಳನ್ನೂ ತಪ್ಪದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಕಳುಹಿಸುತ್ತಿದ್ದರು. ಅವೂ ಸಾವಿರಾರು ಹಳೆಯ ಛಾಯಾಚಿತ್ರಗಳೂ ಈಗ ‘ಮಿಶನ್ 21’ ಎಂಬ ಸಂಸ್ಥೆಯ ಭಂಡಾರದಲ್ಲಿ ಭದ್ರವಾಗಿವೆ. ಚಿತ್ರಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲಿಯೇ ನೋಡಬಹುದು. ಹಳೆಯ ಪತ್ರಗಳು ಜರ್ಮನ್ ಭಾಷೆಯವು, ಅದರಲ್ಲಿಯೂ ಈಗಿನ ಜರ್ಮನರಿಗೇ ಓದಲು ಕಠಿಣವಾದ ಹಳೆಯ ಕೈಬರಹದವು. ಆದುದರಿಂದ ಬಲ್ಲವರ ಸಹಾಯ ಬೇಕು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಮಿಶನಿನ ಕಾಲದ ಪುಸ್ತಕಗಳೂ ಕಾಗದಗಳೂ ಇವೆ.

ಹುಡುಕುವ ಕ್ರಮವನ್ನು ಕುರಿತು ಒಂದು ಮಾತು. ನಮ್ಮ ಹುಡುಗಿಯರಿಗೆ ಗಣಿತದಲ್ಲಿ ನಾವು ಕಲಿಸುವಂತೆ, ತಿಳಿದುದರಿಂದ ತಿಳಿಯದುದಕ್ಕೆ ಹೋಗತಕ್ಕದ್ದು. ಮೂಲಪುರುಷನಿಂದ ಆರಂಭಿಸಿ ಕೆಳಗಿಳಿಯುವವರು ತಪ್ಪದೆ ಎಡವುವರು. ತಮ್ಮಿಂದ ಆರಂಭಿಸಿ ಒಂದೊಂದೇ ಮೆಟ್ಟಲು ಹಿಂದಕ್ಕೆ ಹೋಗುವವರು ಬೀಳುವುದಿಲ್ಲ. ಒಂದೇ ಸಭೆಯಲ್ಲಿ ಒಂದೇ ಹೆಸರಿನವರು ನಾಲ್ಕಾರು ಮಂದಿ ಇರುವುದು ಸಾಮಾನ್ಯ; ಯಾಕಂದರೆ ದೀಕ್ಷಾಸ್ನಾನದಲ್ಲಿ ಸತ್ಯವೇದದ ಹೆಸರುಗಳನ್ನೇ ಮತ್ತೆ ಮತ್ತೆ ಇಡುತ್ತಿದ್ದರು. ಆದಕಾರಣ ಹೆಸರೊಂದು ಹೊಂದಿದರೆ ಸಾಲದು. ವಯಸ್ಸು, ಗಂಡನ ಹೆಸರು, ಊರು, ಮದುವೆಯ ಸಾಕ್ಷಿಗಳು, ಇವುಗಳಲ್ಲಿ ಒಂದೆರಡಾದರೂ ಹೊಂದಬೇಕು. ಕಾಗದದಲ್ಲಿ ಮೂರು ಅಂಕಣಗಳನ್ನು ಎಳೆದುಕೊಳ್ಳಿರಿ. ಮೊದಲನೆಯದರಲ್ಲಿ ಬರಹದ ಪುರಾವೆ ಇರುವುದನ್ನೂ, ಎರಡನೆಯದರಲ್ಲಿ ಹಿರಿಯರು ಬಾಯಿಮಾತಿನಿಂದ ಹೇಳಿದ್ದನ್ನೂ, ಮೂರನೆಯದರಲ್ಲಿ ನಿಮ್ಮ ಊಹೆಯನ್ನೂ ಬರೆಯಿರಿ. ಒಂದು ಅಂಕಣದ್ದು ಇನ್ನೊಂದಕ್ಕೆ ಪುರಾವೆಯಿಲ್ಲದೆ ದಾಟದಂತೆ ಕಾಯುವುದೇ ಈ ವಿದ್ಯೆಯ ಸಾರವು. ಈಗ ಕೆಲವರು ಉಗುಳನ್ನು ಪ್ರಯೋಗಶಾಲೆಗೆ ಕಳುಹಿಸಿ ವಂಶವನ್ನು ತಿಳಿಯುವೆವೆನ್ನುತ್ತಾರೆ. ಆ ಪರೀಕ್ಷೆಯು ಇಬ್ಬರು ಬದುಕಿರುವವರ ನೆಂಟಸ್ತಿಕೆಯನ್ನು ತೋರಿಸಬಹುದು. ತೀರಿಹೋದವರ ಹೆಸರನ್ನೂ ಊರನ್ನೂ ಅದು ತಾನಾಗಿ ಹೇಳಲಾರದು.

ಇಷ್ಟು ದೂರ ಬಂದ ಮೇಲೆ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಎಲ್ಲ ಬಾಗಿಲುಗಳನ್ನು ತಟ್ಟಿಯೂ ಒಳಗಿನಿಂದ ಉತ್ತರವು ಬಾರದಿದ್ದರೆ ಏನು ಮಾಡಬೇಕು?

ಅನೇಕರು ಮಾಡುವುದೇನೆಂದರೆ, ಆ ಬರಿದಾದ ಜಾಗದಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಕೂರಿಸುವುದು. ನಾವು ಓದಿದ ಮನೆತನದ ಪುಸ್ತಿಕೆಗಳಲ್ಲಿ ಮೂಲಪುರುಷನು ಶಾನುಭೋಗನೋ ದೇಸಾಯಿಯೋ ಅರಸರ ಮಂತ್ರಿಯೋ ಆಗಿರುವುದೇ ಹೆಚ್ಚು. ಕೂಲಿಯವನು, ಶೇಂದಿ ತೆಗೆಯುವವನು, ನೇಕಾರನು ಆಗಿರುವುದು ಬಹಳ ಅಪರೂಪ. ಆದರೆ ಕರಾವಳಿಯ ಬಾಸೆಲ್ ಮಿಶನ್ ಸಭೆಗಳ ಮೊದಲಿಗರಲ್ಲಿ ಬಹುಮಂದಿ ಬಿಲ್ಲವರೆಂಬುದು ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ಮಿಶನಿನ ನೇಯ್ಗೆಯ ಕಾರಖಾನೆಗಳಲ್ಲಿಯೂ 1865ರಲ್ಲಿ ಆರಂಭವಾದ ಹಂಚಿನ ಕಾರಖಾನೆಯಲ್ಲಿಯೂ ದುಡಿದ ಕೈಗಳು ಈ ಸಭೆಗಳನ್ನು ಕಟ್ಟಿದವು. ಗೆದ್ದಲು ತಿಂದ ಪುಟಗಳಲ್ಲಿ ಎಲ್ಲರೂ ಶಾನುಭೋಗರೇ ಇದ್ದರು, ಉಳಿದ ಪುಟಗಳಲ್ಲಿ ಎಲ್ಲರೂ ಕೂಲಿಯವರೇ ಇದ್ದಾರೆ ಎಂದು ನಂಬುವುದಕ್ಕೆ ಗೆದ್ದಲಿಗೆ ಜಾತಿಯನ್ನು ಆರಿಸುವ ಬುದ್ಧಿ ಇತ್ತೆಂದು ಒಪ್ಪಬೇಕಾದೀತು!

ಇದು ನಗುವ ವಿಷಯವಷ್ಟೇ ಅಲ್ಲ. ಸುಳ್ಳು ಮೂಲಪುರುಷನನ್ನು ಕೂರಿಸಿದಾಗ ಎರಡು ಅನ್ಯಾಯಗಳಾಗುತ್ತವೆ. ನಿಜವಾಗಿ ಬದುಕಿದ ಒಬ್ಬರನ್ನು ಅವರ ಸ್ವಂತ ಮಕ್ಕಳೇ ಮನೆಯಿಂದ ಹೊರಗೆ ಹಾಕಿದಂತಾಗುತ್ತದೆ. ಅಲ್ಲದೆ ಇಂದಿನ ಮಕ್ಕಳಿಗೆ, ದೊಡ್ಡ ಮನೆಯಲ್ಲಿ ಹುಟ್ಟದವರಿಗೆ ಮಾನವಿಲ್ಲವೆಂಬ ಪಾಠವನ್ನು ಬಾಯಿಬಿಡದೆ ಕಲಿಸಿದಂತಾಗುತ್ತದೆ. ನಮ್ಮ ತರಗತಿಗಳಲ್ಲಿ ಹಮಾಲರ ಮಕ್ಕಳೂ ಡಾಕ್ಟರರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಆ ಬೆಂಚಿನ ಮೇಲೆ ಈ ಪಾಠಕ್ಕೆ ಸ್ಥಳವಿಲ್ಲ.

ಕೆಲವು ಹಿರಿಯರು ಇದಕ್ಕೆ ವಿರುದ್ಧವಾದ ಮಾತನ್ನಾಡುವರು. ವಂಶಾವಳಿಯ ಗೊಡವೆಯೇ ಬೇಡ, ಅದು ಬಿಟ್ಟುಬಂದ ಜಾತಿಯನ್ನು ಹಿಂಬಾಗಿಲಿನಿಂದ ಒಳಕ್ಕೆ ಕರೆಯುವುದು, ಪೌಲನೂ ತಿಮೊಥೆಗೆ ಬರೆದ ಪತ್ರಿಕೆಯಲ್ಲಿ ಕೊನೆಯಿಲ್ಲದ ವಂಶಾವಳಿಗಳ ವಿಷಯವಾಗಿ ಎಚ್ಚರಿಸಿಲ್ಲವೇ ಎಂದು ಕೇಳುವರು. ಆ ಭಯವು ನಿರಾಧಾರವಾದದ್ದಲ್ಲ. ಜಾತಿಗಾಗಿ ಹುಡುಕುವವನು ಹುಡುಕದಿರುವುದೇ ಲೇಸು. ಆದರೆ ಮನುಷ್ಯರಿಗಾಗಿ ಹುಡುಕುವುದು ಬೇರೆ. ಎಜ್ರನ ಗ್ರಂಥದ ಎರಡನೆಯ ಅಧ್ಯಾಯವನ್ನು ನೆನೆಯಿರಿ. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಕೆಲವು ಯಾಜಕ ಮನೆತನದವರು ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರುಗಳನ್ನು ಹುಡುಕಿ ಕಾಣದೆ ಹೋದುದರಿಂದ ಯಾಜಕತ್ವದಿಂದ ಹೊರಗಾದರು. ಕಾಗದವಿಲ್ಲದವನು ಹೊರಗೆ ನಿಲ್ಲಬೇಕಾದ ದುಃಖವು ಅಷ್ಟು ಹಳೆಯದು. ಅಲ್ಲಿ ಇನ್ನೊಂದನ್ನೂ ಗಮನಿಸಿರಿ: ಪಟ್ಟಿಯಲ್ಲಿ ಹೆಸರು ಸಿಕ್ಕಲಿಲ್ಲವೆಂಬುದನ್ನು ಬರೆದವನು ಮರೆಮಾಡಲಿಲ್ಲ.

ಇನ್ನು ಹೆಂಗಸರ ಮಾತು. ಇದು ಹೆಣ್ಣುಮಕ್ಕಳ ಶಾಲೆಯಾದುದರಿಂದ ನಾವು ಇದನ್ನು ಒತ್ತಿ ಹೇಳದೆ ಬಿಡಲಾರೆವು. ಆರು ತಲೆಮಾರು ಹಿಂದಕ್ಕೆ ಹೋದರೆ, ಎಂದರೆ ಸುಮಾರಾಗಿ ಆ ಮೊದಲ ಪಾದ್ರಿಗಳು ಬಂದ ಕಾಲಕ್ಕೆ ಹೋದರೆ, ಪ್ರತಿಯೊಬ್ಬರಿಗೂ ಲೆಕ್ಕದಂತೆ 64 ಮಂದಿ ಪೂರ್ವಜರಿರುತ್ತಾರೆ. ಅವರಲ್ಲಿ 32 ಮಂದಿ ಹೆಂಗಸರು. ಮನೆತನದ ಪುಸ್ತಿಕೆಯು ಉಪನಾಮವನ್ನು ಹಿಡಿದು ಹೋಗುವುದರಿಂದ ಆ 64ರಲ್ಲಿ ಒಬ್ಬನೇ ಗಂಡಸಿನ ಹೆಸರನ್ನು ಹೇಳಿ, ಉಳಿದ 63 ಮಂದಿಯನ್ನು ಮರೆಯುತ್ತದೆ. ಆ ಪುಟಗಳನ್ನು ಗೆದ್ದಲು ತಿನ್ನಲಿಲ್ಲ, ನಾವೇ ಬರೆಯಲಿಲ್ಲ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಬಳಿಯು ತಾಯಿಯಿಂದಲೇ ಬರುತ್ತಿತ್ತು. ಅಂಥ ಬಳಿಯ ಹೆಸರುಗಳಾದ ಬಂಗೇರ, ಕುಂದರ್ ಮೊದಲಾದವು ಕೆಲವು ಕ್ರೈಸ್ತ ಮನೆಗಳಲ್ಲಿ ಇಂದಿಗೂ ಉಪನಾಮಗಳಾಗಿ ಉಳಿದಿವೆ. ಆದರೆ ಈಗ ಅವು ತಂದೆಯಿಂದ ಮಕ್ಕಳಿಗೆ ಹೋಗುತ್ತವೆ. ಹಳೆಯ ಹೆಸರನ್ನು ಓದುವಾಗ ಈ ವ್ಯತ್ಯಾಸವನ್ನು ಮರೆತರೆ ದಾರಿ ತಪ್ಪುವುದು. ಮತ್ತಾಯನು ಸಹ ತನ್ನ ಸುವಾರ್ತೆಯ ಆರಂಭದ ವಂಶಾವಳಿಯಲ್ಲಿ ತಾಮಾರಳನ್ನೂ ರಾಹಾಬಳನ್ನೂ ರೂತಳನ್ನೂ ಬಿಡದೆ ಹೇಳಿದನು. ಅವರಲ್ಲಿ ಯಾರೊಬ್ಬರದೂ ವಾಡೆಯ ಕಥೆಯಲ್ಲ.

ಈಗ ನಮ್ಮ ಹಳೆಯ ವಿದ್ಯಾರ್ಥಿನಿಯ ಕಥೆಯನ್ನು ಮುಗಿಸುವೆವು. ಮೂರು ವಾರಗಳ ಮೇಲೆ ಆಕೆಯು ಒಬ್ಬಳೇ ಬಂದಳು. ಮನೆಯ ಸತ್ಯವೇದದಲ್ಲಿ ಆ ಹಿರಿಯಳ ಮದುವೆಯ ವರುಷವೂ ಗಂಡನ ಹೆಸರೂ ಇವೆ, 1894 ಎಂದಿದೆ ಎಂದಳು. ನಾವಿಬ್ಬರೂ ಕುಳಿತು ಪ್ರವೇಶ ಪುಸ್ತಕದ ಅದೇ ಸಾಲನ್ನು ಬಲಗಡೆಯ ಕೊನೆಯ ವರೆಗೂ ಓದಿದೆವು. ಅಂದು ಷರಾವನ್ನು ಓದಿ ನಿಂತುಬಿಟ್ಟಿದ್ದೆವು. ಬಿಟ್ಟ ಕಾರಣದ ಅಂಕಣದಲ್ಲಿ, ಈ ಶಾಲೆಯಲ್ಲಿಯೇ ಉಪಾಧ್ಯಾಯಿನಿಯಾಗಿ ನೇಮಕವಾದಳೆಂದು ಬರೆದಿತ್ತು. ಬಳಿಕ ಸಂಬಳದ ಹಳೆಯ ಪುಸ್ತಕವನ್ನು ತೆಗೆದೆವು. ಅಲ್ಲಿ ತಿಂಗಳು ತಿಂಗಳಿಗೂ ಆಕೆಯ ರುಜು ಇತ್ತು. 1894ರ ವರೆಗೆ ಒಂದು ರೀತಿ, ಅಲ್ಲಿಂದ ಮುಂದೆ ಅದೇ ಕೈಬರಹದಲ್ಲಿ ಗಂಡನ ಹೆಸರು ಸೇರಿಸಿ. ಗಂಡನ ಹೆಸರು ಸತ್ಯವೇದದಲ್ಲಿದ್ದುದೇ. ಸಮಾಧಿಯ ಕಲ್ಲಿನ ಮೇಲೆ ಮರಣದ ವರುಷ 1922, ವಯಸ್ಸು ಸುಮಾರು ಐವತ್ತು ಎಂದಿತ್ತು; ಕ್ಷಾಮದ ವರುಷದ ಐದು ವರುಷದ ಮಗುವಿಗೆ ಲೆಕ್ಕವು ಸರಿಹೋಯಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ.

ತಂದೆ ತಾಯಿ ಊರು ಯಾವುದನ್ನೂ ತಿಳಿಯದೆ ಬಂದ ಮಗುವು ಓದು ಕಲಿತು ಇತರರ ಮಕ್ಕಳಿಗೆ ಓದು ಕಲಿಸಿದಳು. ವಾಡೆಯ ಕಥೆಯನ್ನು ಕಟ್ಟಿದವರು ಆಕೆಗೆ ಒಡವೆಗಳನ್ನು ಕೊಟ್ಟರು. ಆಕೆಯು ನಿಜವಾಗಿ ಮಾಡಿದ ಕೆಲಸವನ್ನು ಕಸುಕೊಂಡರು. ಆ ಹುಡುಗಿಯು ರುಜುವಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ವಂಶಚರಿತ್ರೆಯ ಮೊದಲನೆಯ ಪುಟವನ್ನು ಅವರು ಬದಲಾಯಿಸಿದರು. ಮನೆತನದ ಹಿರಿಯರಲ್ಲಿ ಇಬ್ಬರು ಅದಕ್ಕಾಗಿ ಮುನಿಸಿಕೊಂಡು ಸಮಾರಂಭಕ್ಕೆ ಬರಲಿಲ್ಲವೆಂದು ಕೇಳಿದೆವು. ಆದರೆ ಮೊದಲು “ನಮ್ಮಾಕಿ ಅಲ್ಲ” ಎಂದ ತಾಯಿಯೇ ಆ ಪುಟವನ್ನು ಎಲ್ಲರ ಮುಂದೆ ಓದಿದರಂತೆ. ಆಕೆಯ ಹೆತ್ತವರ ಹೆಸರುಗಳಿರಬೇಕಾದ ಸ್ಥಳದಲ್ಲಿ ‘ತಿಳಿಯದು’ ಎಂದೇ ಅಚ್ಚಾಗಿದೆ. ಆ ಶಬ್ದವನ್ನು ನಾವು ಅವಮಾನವೆಂದು ಎಣಿಸುವುದಿಲ್ಲ. ಕ್ಷಾಮದಲ್ಲಿ ಹೆಸರಿಲ್ಲದೆ ಸತ್ತ ಇಬ್ಬರಿಗೆ ಅದೊಂದು ಸಮಾಧಿಯ ಕಲ್ಲು.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ಬಿನ್ನಹಗಳು ಮೂರು. ಒಂದು, ನಿಮ್ಮ ಊರಿನ ಸಭೆಯಲ್ಲಾಗಲಿ ಇಗರ್ಜಿಯಲ್ಲಾಗಲಿ ಹಳೆಯ ಪುಸ್ತಕಗಳಿದ್ದರೆ, ಅಲ್ಲಿಯ ಹಿರಿಯರ ಅಪ್ಪಣೆಯನ್ನು ಪಡೆದು, ಬರುವ ಮಳೆಗಾಲಕ್ಕೆ ಮುಂಚೆ ಪುಟಪುಟವನ್ನೂ ಛಾಯಾಚಿತ್ರ ತೆಗೆದಿಡಿರಿ, ಪ್ರತಿಗಳನ್ನು ಎರಡು ಸ್ಥಳಗಳಲ್ಲಿ ಇಡಿರಿ. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಆರಿಸಿರಿ. ಹರಿದ ಹಾಳೆಗೆ ಅಂಟುಪಟ್ಟಿಯನ್ನು ಹಚ್ಚಬೇಡಿರಿ, ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿಮಾಡಿ ಅಂಟಿಸಬೇಡಿರಿ. ಅವು ಈಗ ಕಾಪಾಡಿದಂತೆ ತೋರಿ ಮುಂದೆ ಕೆಡಿಸುತ್ತವೆ. ಮಾಸಿದ ಅಕ್ಷರಗಳು ಅತಿನೇರಳೆ ಬೆಳಕಿನಲ್ಲಿ ಕೆಲವು ವೇಳೆ ಓದಲು ಬರುವವು. ಆದುದರಿಂದ ಏನೂ ಕಾಣಿಸದ ಹಾಳೆಯನ್ನೂ ಎಸೆಯಬೇಡಿರಿ. ಎರಡು, ಬದುಕಿರುವವರ ಗುಟ್ಟುಗಳನ್ನು ಅಚ್ಚುಹಾಕಿಸಬೇಡಿರಿ. ತೀರಿಹೋದವರ ವಿಷಯದಲ್ಲಿ ಸುಳ್ಳನ್ನು ಅಚ್ಚುಹಾಕಿಸಬೇಡಿರಿ. ಮೂರು, ಈ ಸಂಚಿಕೆಯನ್ನು ಓದಿ ಮುಗಿಸಿದ ದಿನವೇ ಒಂದು ಹಾಳೆಯನ್ನು ತೆಗೆದುಕೊಂಡು ನಿಮ್ಮ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಆಕೆಯ ತಾಯಿಯ ಹೆಸರು, ಹೀಗೆ ಎಷ್ಟು ಬರುವುದೋ ಅಷ್ಟನ್ನು ಬರೆಯಿರಿ. ಹುಟ್ಟಿದ ಊರು, ಮದುವೆಗೆ ಮುಂಚಿನ ಹೆಸರು, ಮಾಡಿದ ಕೆಲಸ, ಇವನ್ನೂ ಸೇರಿಸಿರಿ. ತಿಳಿಯದಲ್ಲಿ ‘ತಿಳಿಯದು’ ಎಂದು ಬರೆದು, ಮನೆಯಲ್ಲಿ ಅತ್ಯಂತ ಹಿರಿಯಳಾದ ಹೆಂಗಸಿನ ಬಳಿಗೆ ಆ ಹಾಳೆಯನ್ನು ಕೊಂಡೊಯ್ಯಿರಿ. ಆಕೆಯ ನೆನಪೂ ಒಂದು ದಾಖಲೆಯ ಪುಸ್ತಕವೇ. ಅದರ ನಕಲು ಬೇರೆ ಎಲ್ಲಿಯೂ ಇಲ್ಲ.

ಶಾಲೆಯ ಪುಸ್ತಕಗಳನ್ನು ನಾವು ಕಬ್ಬಿಣದ ಕಪಾಟಿಗೆ ಸಾಗಿಸಿ, ಹುಡುಗಿಯರ ಸಹಾಯದಿಂದ ನಕಲು ಮಾಡಿಸತೊಡಗಿದ್ದೇವೆ. ಹುಡುಕುವವರಿಗೆ ಶನಿವಾರ ಮಧ್ಯಾಹ್ನದಲ್ಲಿ ಕಚೇರಿಯ ಬಾಗಿಲು ತೆರೆದಿರುತ್ತದೆ. ಸಿಕ್ಕಿದ್ದನ್ನು ಸಂತೋಷದಿಂದ ತೋರಿಸುವೆವು. ಸಿಕ್ಕದ್ದನ್ನು ಸಿಕ್ಕಲಿಲ್ಲವೆಂದೇ ಬರೆದು ರುಜುಮಾಡಿ ಕೊಡುವೆವು.